ಉಂಡ ಎಲೆಯಲ್ಲಿ ಉಳಿದದ್ದು

ಬೆಳ್ತಂಗಡಿಯ ಡಾಕ್ಟರರ ಜಗಲಿಯಲ್ಲಿ ಮದ್ದಿನ ಬಾಟಲಿ ಹಿಡಿದು ಕುಳಿತಿದ್ದ ರುಕ್ಮಯ್ಯನಿಗೆ, ಬೇಡವೆಂದರೂ ಪಕ್ಕದ ಬೆಂಚಿನ ಮಾತು ಕಿವಿಗೆ ಬೀಳುತ್ತಿತ್ತು. ನಲವತ್ತೈದು ದಾಟಿದ ದಮಯಂತಿ ಸೆರಗಿನ ತುದಿ ತಿರುಚುತ್ತಿದ್ದಳು. ಜೊತೆಗಿದ್ದವಳು ನಾದಿನಿ ಪ್ರಫುಲ್ಲಾ.

“ಇವತ್ತೂ ತೂಕ ಏರಿದ್ದರೆ ಏನು ಮಾಡುವುದು?”

“ಡಾಕ್ಟ್ರು ಹೇಳಿದ ಹಾಗೆ ಒಂದೇ ಸೌಟು ಅನ್ನ ಅಲ್ವಾ ಅತ್ತಿಗೆ?”

“ಒಂದೇ. ಈ ಸಿಹಿಮೂತ್ರದಲ್ಲೇ ಅಲ್ವಾ ನನ್ನ ಅಕ್ಕನ ಕಾಲು ತೆಗೆದದ್ದು?”

“ಮತ್ತೆ ಹೇಗೆ ಏರ್ತದೆ?”

“ನಾನು ಬಡಿಸಿಕೊಳ್ಳುವುದು ನಿನ್ನ ಅಣ್ಣ ಉಂಡ ಎಲೆಗೆ. ಅದರಲ್ಲಿ ಮೊದಲೇ ಅನ್ನ ಉಂಟಲ್ಲ.”

“ಅಣ್ಣ ಎಲೆಯಲ್ಲಿ ಅಗುಳು ಬಿಡುವವನಲ್ಲ.”

“ಡಾಕ್ಟ್ರು ಹೇಳಿದಂದಿನಿಂದ ಅರ್ಧ ಬಿಡ್ತಾರೆ. ನಾನು ಹಸಿವಲ್ಲಿ ಸಾಯ್ತೇನೆ ಅಂತ ಅವರಿಗೆ ಹೆದರಿಕೆ.”

“ಅದನ್ನು ಬಿಸಾಡಿ.”

“ಗಂಡನ ಎಲೆಯ ಅನ್ನವನ್ನಾ? ಅವರಿಗೆ ಏನಾದರೂ ಆದರೆ?”

ಕಂಪೌಂಡರ್ ದಮಯಂತಿಯ ಹೆಸರು ಕೂಗಿದ. ಅವಳು ಗೋಡೆ ಹಿಡಿದು ಎದ್ದಳು. ಪ್ರಫುಲ್ಲಾ ಅಂಗಳದತ್ತ ನೋಡಿದಳು. ಅಲ್ಲಿ ಕಾಯುತ್ತಿದ್ದ ಅಣ್ಣನ ಅಂಗಿ, ಇನ್ನೊಬ್ಬರದ್ದನ್ನು ತೊಟ್ಟ ಹಾಗೆ ಜೋತುಬಿದ್ದಿತ್ತು.

“ಅಣ್ಣಾ, ನೀನೂ ಒಳಗೆ ಬಾ,” ಎಂದಳು. “ಮೊದಲು ನಿನ್ನ ತೂಕ ನೋಡಿಸುವ.”