ಬಾಟಲಿ ಹಿಡಿದು ನಿಂತಾಕೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಕಡೆಯವರೇ ಆಗಲಿ, "ಇಲ್ಲಿ ಆಗುವುದಿಲ್ಲ, ಮುಂದಕ್ಕೆ ಒಯ್ಯಿರಿ" ಎಂದು ಹೇಳಿಸಿಕೊಂಡವರು ಕೊನೆಗೆ ಬಂದು ಸೇರುವ ಒಂದು ದೊಡ್ಡಾಸ್ಪತ್ರೆಯಿದೆ. ಅದರ ಹೆಸರನ್ನು ನಾನು ಬರೆಯುವುದಿಲ್ಲ. ಅಲ್ಲಿ ಬದುಕಿ ಮನೆಗೆ ಹೋದವರೂ ಬಹಳ ಮಂದಿ ಇದ್ದಾರೆ; ಸುಮ್ಮನೆ ದೂರುವುದು ಸಲ್ಲದು.

ಹೋದ ವರ್ಷ ಮಳೆಗಾಲದಲ್ಲಿ ನನ್ನ ಹೆಂಡತಿ ಕರಿಬಸಮ್ಮನನ್ನು ಕತ್ತಲಗೆರೆಯಿಂದ ಅಲ್ಲಿಗೆ ಕರೆತಂದೆ. ಜ್ವರ ತಲೆಗೇರಿ ಅವಳ ಮಾತು ನಿಂತಿತ್ತು. ಮಂಚಗಳೆಲ್ಲ ತುಂಬಿದ್ದವು. ಎರಡು ಮಂಚಗಳ ನಡುವೆ ಚಾಪೆ ಹಾಸಿ ಮಲಗಿಸಿದರು. ಗ್ಲೂಕೋಸ್ ಬಾಟಲಿ ತೂಗುಹಾಕಲು ಸ್ಟ್ಯಾಂಡು ಸಿಗಲಿಲ್ಲ.

"ಅಜ್ಜಾರೆ, ನೀವೇ ಎತ್ತಿ ಹಿಡ್ಕಳ್ರಿ. ಕೈ ಇಳಿಸಿದ್ರೆ ರಕ್ತ ಪೈಪಿಗೆ ವಾಪಸ್ ಬರ್ತೈತೆ," ಎಂದು ಹೇಳಿ ನರ್ಸಮ್ಮ ಬೇರೆ ರೋಗಿಯ ಕಡೆಗೆ ಓಡಿದಳು.

ಅಲ್ಲಿ ಬಹಳ ಮಂದಿಯ ಪಾಡು ಹಾಗೆಯೇ ಇತ್ತು. ಒಬ್ಬರು ಮಲಗಿದ್ದರೆ ಅವರ ಕಡೆಯವರೊಬ್ಬರು ಪಕ್ಕದಲ್ಲಿ ಕೈಯೆತ್ತಿ ನಿಂತಿರುತ್ತಿದ್ದರು. ಬಾಗಿಲಿನಿಂದ ನೋಡಿದರೆ ವಾರ್ಡಿನ ತುಂಬ ಜನ ದೇವರನ್ನು ಬೇಡುತ್ತಿರುವಂತೆ ಕಾಣುತ್ತಿತ್ತು. ಬೇಡುತ್ತಲೂ ಇದ್ದರು.

ಸಂಜೆಯ ಹೊತ್ತಿಗೆ ನನ್ನ ಕೈ ಮರಗಟ್ಟಿತು. ಆಗ ತಲೆಯ ಮೇಲೆ ಸೆರಗು ಹೊದ್ದ ವಯಸ್ಸಾದ ಹೆಂಗಸೊಬ್ಬಳು ಬಂದು, "ಇಲ್ಲಿ ಕೊಡ್ರಿ ಅಣ್ಣಾರೆ, ನಾನು ಹಿಡ್ಕಂತೀನಿ. ಒಂದೀಟು ಚಾ ಕುಡುದು ಬರ್ರಿ," ಎಂದಳು. ಪಕ್ಕದ ರೋಗಿಯ ಕಡೆಯವಳಿರಬೇಕು, ಪುಣ್ಯವಂತೆ, ಎಂದುಕೊಂಡು ಬಾಟಲಿಯನ್ನು ಅವಳ ಕೈಗೆ ಕೊಟ್ಟು ಹೊರಗೆ ಬಂದೆ.

ಹೊರಗೆ ರೋಗಿಗಳ ಕಡೆಯವರು ಕೂರುವ ತಗಡಿನ ಶೆಡ್ಡು. ಚಹಾ ಕುಡಿಯುವಷ್ಟರಲ್ಲಿ ಮಳೆ ಜೋರಾಯಿತು, ಕರೆಂಟು ಹೋಯಿತು. ನನ್ನ ಜೊತೆ ಹೊನ್ನಾಳಿ ಕಡೆಯ ಜುಂಜಪ್ಪನೂ ನ್ಯಾಮತಿಯ ಅರುಣಾ ಎಂಬ ಹೆಣ್ಣುಮಗಳೂ ಅಲ್ಲಿ ಸಿಕ್ಕಿಕೊಂಡರು. ಮೂಲೆಯಲ್ಲಿ ಜಗಳೂರು ಕಡೆಯ ಸೊಕ್ಕೆ ಊರಿನ ಇಮಾಮ್‌ಸಾಬ್ ಕುಳಿತಿದ್ದರು. ಪಾತ್ರೆಗಳಿಗೆ ಕಲಾಯಿ ಹಾಕುತ್ತ ಮುದುಕರಾದವರು. ಕಾಲು ಮುರಿದ ತಮ್ಮನನ್ನು ನೋಡಿಕೊಳ್ಳಲು ಬಂದಿದ್ದರು.

ಚಹಾದ ಲೋಟ ಎತ್ತಲಾರದೆ ನಾನು ಒದ್ದಾಡುವುದನ್ನು ಅವರು ನೋಡುತ್ತಿದ್ದರು. "ಬಾಟ್ಲಿ ಹಿಡಿದ ಕೈ ಏನ್ರಿ?" ಎಂದು ಕೇಳಿದರು. ಹೌದೆಂದು, ನನ್ನ ಹೆಸರನ್ನೂ ಒಳಗೆ ಹೆಂಡತಿ ಮಲಗಿರುವುದನ್ನೂ ಹೇಳಿದೆ. "ಇಲ್ಲಿ ಒಬ್ಬಾಕಿ ಅದಾಳೆ. ಕೈ ಇಳಿಸದಾಕಿ," ಎಂದರು.

"ದೆವ್ವ ಏನ್ರಿ ಸಾಬ್ರೆ?" ಎಂದು ಜುಂಜಪ್ಪ ನಕ್ಕ. "ಬದುಕಿರೋರಿಗೇ ಇಲ್ಲಿ ಬೆಡ್ ಇಲ್ಲ. ದೆವ್ವಕ್ಕೆಲ್ಲಿ ಜಾಗ ಕೊಡ್ತಾರೆ?"

"ಸುಮ್ಕಿರೋ ಮಾರಾಯ, ಹಿರೇರು ಹೇಳಾಕತ್ತಾರೆ," ಎಂದು ಅರುಣಾ ಗದರಿದಳು.

ಇಮಾಮ್‌ಸಾಬ್ ಸಿಟ್ಟಾಗಲಿಲ್ಲ. ಮಳೆಯ ಕಡೆ ಮುಖಮಾಡಿ ಹೇಳತೊಡಗಿದರು.

"ಜಾಗ ಯಾಕೆ ಬೇಕಪ್ಪಾ ಆಕಿಗೆ? ಆಕಿ ಕುಂದ್ರಾದೇ ಇಲ್ಲ... ನಮ್ಮಕ್ಕ ರೀ ಆಕಿ. ನೂರ್‌ಜಹಾನ್ ಅಂತ. ಒಬ್ಬಳೇ ಮಗಳು, ಮದೀಹಾ. ಆ ಹುಡುಗಿ ಚೊಚ್ಚಲ ಬಸುರಿ. ಇನ್ನೂ ತಿಂಗಳು ತುಂಬಿರಲಿಲ್ಲ, ಒಂದಿನ ಮಧ್ಯಾಹ್ನ ಕೈಕಾಲು ಸೆಟೆದು ಫಿಟ್ಸ್ ಬಂತು. ಹತ್ರದ ಆಸ್ಪತ್ರೆಗೆ ಒಯ್ದ್ವಿ, ಯಾವೂರಿಂದು ಅಂತ ಕೇಳಬ್ಯಾಡ್ರಿ. ಹೆರಿಗೆ ಡಾಕ್ಟ್ರು ಇರಲಿಲ್ಲ. ಇನ್ನೊಂದೂರಿಗೂ ಅವರೇ ಡಾಕ್ಟ್ರು, ಅಲ್ಲಿಗೆ ಹೋಗಿದ್ರು. ಇದ್ದ ನರ್ಸಮ್ಮ ಒಳ್ಳೇಕೀನೇ, ಸುಳ್ಳು ಯಾಕೆ ಹೇಳ್ಲಿ? ತನ್ನ ಕೈಲಾಗಿದ್ದು ಮಾಡಿ, ಬಾಟ್ಲಿ ಹಾಕಿ, ಮುಂದಕ್ಕೆ ಒಯ್ರಿ ಅಂದ್ಲು. ಆಂಬುಲೆನ್ಸು ಬೇರೆ ಯಾರನ್ನೋ ಕರ್ಕಂಡು ದೂರ ಹೋಗಿತ್ತು. ಆ ಸ್ಥಿತೀಲಿ ಕಾಯ್ಕಂತ ಕುಂದ್ರಾಕೆ ಆಗ್ತೈತಾ? ಈರುಳ್ಳಿ ಸಾಗಿಸೋ ಒಂದು ಗಾಡಿ ಸಿಕ್ತು. ಹಿಂದೆ ಹಾಸಿಗೆ ಹಾಸಿ ಮಲಗಿಸಿದ್ವಿ. ದರ್ಗಾದಾಗ ಹರಕೆ ಹೊತ್ತು ಕಟ್ಟಿಸಿದ ಹಸಿರು ದಾರ ಹುಡುಗಿ ಕೈಯಾಗಿತ್ತು. ಸೂಜಿ ಚುಚ್ಚಾಕೆ ಅದನ್ನ ಬಿಚ್ಚಿದ್ರು. ನಮ್ಮಕ್ಕ ಏನು ಮಾಡಿದ್ಲು? ಆ ದಾರ ತಗಂಡು ಬಾಟ್ಲಿ ಕೊರಳಿಗೆ ಕಟ್ಟಿದ್ಲು. ಮಂಡಿಯೂರಿ ಕುಂತು ಬಾಟ್ಲಿ ಎತ್ತಿ ಹಿಡುದ್ಲು. ‘ಅಮ್ಮಾ, ಏನಾದ್ರೂ ಆಗ್ಲಿ, ಕೈ ಮಾತ್ರ ಇಳಿಸಬ್ಯಾಡ’ ಅಂತ ನರ್ಸಮ್ಮ ಹೇಳಿ ಕಳಿಸಿದ್ಲು...

"ನಾನು ಮುಂದೆ, ಡ್ರೈವರ್ ಪಕ್ಕ. ಹಿಂದೆ ಅಳಿಯ ನವಾಜ್ ಹೆಂಡ್ತಿ ಪಾದ ಹಿಡ್ಕಂಡು ಕುಂತಿದ್ದ. ಇದೇ ತರ ಮಳೆ. ಅರ್ಧ ದಾರೀಲಿ ಪಾದ ತಣ್ಣಗಾತು. ಹುಡುಗನಿಗೆ ತಿಳೀತು. ಬಾಯಿ ಬಿಟ್ನಾ? ಹೆಂಗೆ ಬಿಡ್ತಾನೆ ಹೇಳ್ರಿ? ಹೆಣ ಅಂತ ಗೊತ್ತಾದ್ರೆ ಡ್ರೈವರ್ ನಡುದಾರೀಲಿ ಇಳಿಸಿ ಹೋಗ್ತಾನೆ. ಅತ್ತೆಗೆ ಹೇಳಿದ್ರೆ ಆಕಿ ಕೂಗ್ತಾಳೆ, ಡ್ರೈವರಿಗೆ ಗೊತ್ತಾಗ್ತೈತೆ. ಅದಕ್ಕೆ ಆತ ಹೆಂಡ್ತಿ ಕೂಡೆ ಮಾತಾಡ್ಕಂತ ಬಂದ. ‘ಮದೀಹಾ, ಇನ್ನೇನು ಊರು ಬಂತು ನೋಡು... ಸೆರಗು ಹೊದ್ಕ, ಗಾಳಿ ಐತೆ... ಆಂ? ನೀರು ಬೇಕಾ? ತಡಿ, ಇಳಿದ ಮ್ಯಾಲೆ ಕುಡಿಯೋವಂತೆ...’ ನಾನು ಮುಂದೆ ಕುಂತು ಇದನ್ನ ಕೇಳಿಸ್ಕಂಡು, ಹುಡುಗಿಗೆ ಹೋಶ್ ಬಂತು, ಎಚ್ಚರಾತು ಅಂತ ಅಲ್ಲಾಗೆ ಶುಕ್ರ್ ಹೇಳ್ತಿದ್ದೆ. ನಮ್ಮಕ್ಕನೂ ಅದನ್ನೇ ನಂಬಿದ್ಲು. ನಗ್ತಿದ್ಲಂತೆ ರೀ...

"ಇಲ್ಲಿಗೆ ಬಂದ್ವಿ. ಡಾಕ್ಟ್ರು ನವಾಜನ್ನ ಪಕ್ಕಕ್ಕೆ ಕರ್ದು, ದಾರೀಲೇ ಹೋಗೈತಪ್ಪಾ ಅಂದ್ರು. ಪೈಪ್ ಬಿಚ್ಚಿ ಹುಡುಗೀನ ಒಳಗೆ ಒಯ್ದು ಬಾಗ್ಲು ಹಾಕಿದ್ರು. ಆಪರೇಷನ್ನಿಗೆ ಒಯ್ದಾರೆ ಅಂತ ತಿಳ್ಕಂಡು ನಮ್ಮಕ್ಕ ಆ ಬಾಗ್ಲ ಮುಂದೆ ಬಾಟ್ಲಿ ಎತ್ತಿ ಹಿಡ್ಕಂಡು ನಿಂತ್ಲು. ಬಾಟ್ಲಿ ಖಾಲಿ. ಪೈಪ್ ನೆಲಕ್ಕೆ ಜೋತು ಬಿದ್ದೈತೆ. ಹೋಗೋರು ಬರೋರು ನೋಡ್ತಾರೆ, ಒಬ್ರೂ ಹೇಳಲಿಲ್ಲ. ಯಾರು ಹೇಳ್ತಾರೆ? ನವಾಜ್ ಎರಡು ಸಲ ಹತ್ರ ಹೋಗಿ ವಾಪಸ್ ಬಂದ. ಊರಿಗೆ ಒಯ್ಯಾಕೆ ಗಾಡಿ ಹುಡುಕಾಕೆ ನಾವು ಗೇಟಿಗೆ ಹೋಗಿ ಬರೋದ್ರೊಳಗೆ, ಆಕಿ ನಿಂತಲ್ಲೇ ಗೋಡೆಗೆ ಒರಗಿ ಪ್ರಾಣ ಬಿಟ್ಟಿದ್ಲು. ತಾಯಿ ಮಗಳು ಇಬ್ರನ್ನೂ ಒಂದೇ ಗಾಡೀಲಿ ಸೊಕ್ಕೆಗೆ ಒಯ್ದ್ವಿ. ಮಯ್ಯತ್ತಿಗೆ ಸ್ನಾನ ಮಾಡಿಸಿದ ಹೆಂಗಸ್ರು ಅಳ್ಕಂತ ಹೊರಗೆ ಬಂದ್ರು. ಬಲಗೈ ಇಳಿಸಾಕೆ ಆಗ್ಲಿಲ್ಲ ಅಂತ. ಹಂಗೇ ಮಣ್ಣು ಮಾಡಿದ್ವಿ, ಕೈ ಮ್ಯಾಲೆ ಇಟ್ಕಂಡೇ..."

ಜುಂಜಪ್ಪ ಈಗ ನಗುತ್ತಿರಲಿಲ್ಲ. "ಮತ್ತೆ... ಬಾಟ್ಲಿ ಹಿಡಿದೋರ ಜೀವ ತೆಗೀತಾಳಾ ಆಕಿ?" ಎಂದು ಕೇಳಿದ.

"ಥೂ, ಅಂಥಾಕಿ ಅಲ್ಲಪ್ಪಾ ನಮ್ಮಕ್ಕ! ಯಾರಿಗೂ ಏನೂ ಮಾಡಲ್ಲ. ಕೈ ಸೋತೋರ ಹತ್ರ ಬರ್ತಾಳೆ, ಇಲ್ಲಿ ಕೊಡ್ರಿ, ಚಾ ಕುಡುದು ಬರ್ರಿ ಅಂತಾಳೆ. ಆದ್ರೆ ಒಂದು ಮಾತು... ಉಳಿಯೋರ ಹತ್ರ ಆಕಿ ಬರಲ್ಲ. ಮುಗಿದ ಮ್ಯಾಲೂ ಹಿಡ್ಕಂಡೇ ನಿಂತಿರ್ತಾಳೆ. ಬಾಟ್ಲಿ ಕೊರಳಾಗ ಹಸಿರು ದಾರ ಇರ್ತೈತೆ. ಕೈ ಇಳಿಸ್ಲಾ ಅಂತ ಕೇಳ್ತಾಳೆ. ಇಳಿಸವ್ವಾ, ಹೋಗೈತೆ ಜೀವ ಅಂತ ಯಾರಾದ್ರೂ ಒಬ್ರು ಹೇಳಿದ್ರೆ ಸಾಕು, ಆಕಿಗೆ ಬಿಡುಗಡೆ. ನಾನೇ ಹೇಳೋಣ ಅಂದ್ರೆ ನನ್ನ ಕಣ್ಣಿಗೆ ಆಕಿ ಕಾಣಲ್ಲ. ಆ ಮಾತು ಯಾರ ಬಾಯಾಗೂ ಬಂದಿಲ್ಲ ನೋಡ್ರಿ ಇವತ್ತಿಗೂ..."

ಹೀಗೆ ಹೇಳಿ ಇಮಾಮ್‌ಸಾಬ್ ನನ್ನ ಕಡೆಗೆ ತಿರುಗಿದರು.

"ಅಲ್ರೀ ನಾಗೇಂದ್ರಪ್ಪಾರೆ, ನೀವು ಇಲ್ಲೇ ಕುಂತೀರಿ. ಒಳಗೆ ಅಮ್ಮಾರ ಬಾಟ್ಲಿ ಯಾರ ಕೈಯಾಗ ಐತೆ?"

ನಾನು ಮಳೆಯಲ್ಲಿಯೇ ಎದ್ದು ನಡೆದೆ. ಶಿವ ಶಿವಾ ಎನ್ನುತ್ತ ಮೆಟ್ಟಿಲು ಹತ್ತಿದೆ. ವಾರ್ಡಿನಲ್ಲಿ ಯಾರೋ ಮೊಬೈಲಿನ ಬೆಳಕು ಹಿಡಿದಿದ್ದರು. ಎರಡು ಮಂಚಗಳ ನಡುವೆ ಆ ಹೆಂಗಸು ಮೊದಲಿನಂತೆಯೇ ನಿಂತಿದ್ದಳು. ಬಾಟಲಿಯಲ್ಲಿ ಒಂದು ಹನಿಯೂ ಉಳಿದಿರಲಿಲ್ಲ. ಅದರ ಕೊರಳಿಗೆ ಹಸಿರು ದಾರವಿತ್ತು. ನಾನು ಕೊಡುವಾಗ ಅದು ಇರಲಿಲ್ಲ.

ನಾನು ಕೂತು ಕರಿಬಸಮ್ಮನ ಪಾದ ಮುಟ್ಟಿದೆ.

"ಅಣ್ಣಾರೆ," ಎಂದಳು ಆಕೆ, ಮಲಗಿದವರಿಗೆ ಎಚ್ಚರವಾದೀತೆಂಬಂತೆ ಮೆಲ್ಲಗೆ. "ಕೈ ಇಳಿಸ್ಲಾ?"

ಆಡಬೇಕಾದ ಮಾತು ನನಗೆ ತಿಳಿದಿತ್ತು. ಈಗತಾನೇ ಕೇಳಿ ಬಂದಿದ್ದೆ. ನಲವತ್ತು ವರ್ಷ ಜೊತೆಯಲ್ಲಿ ಬಾಳಿದವಳ ಮುಖ ನೋಡಿದೆ. ನಿದ್ದೆ ಹೋದಂತಿತ್ತು. ಅಂಗೈಯಲ್ಲಿ ಆ ಪಾದದ ತಣುಪು ಹಾಗೆಯೇ ಇತ್ತು.

"ಬ್ಯಾಡವ್ವಾ," ಎಂದೆ. "ಇನ್ನೊಂದೀಟು ಹೊತ್ತು ಹಿಡ್ಕ."

ಆಕೆ ತಲೆಯಾಡಿಸಿ ಕೈಯನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿದಳು.

ಆದ್ದರಿಂದ ಆಕೆ ಅಲ್ಲಿ ಇನ್ನೂ ಇದ್ದಾಳೆ. ಮೊನ್ನೆ ಅಲ್ಲಿಗೆ ಹೋಗಿ ಬಂದ ನಮ್ಮೂರಿನವರೊಬ್ಬರು, "ಯಾರೋ ಒಬ್ಬ ಸಾಬರ ಹೆಂಗಸು ರೀ, ದೇವರಂಥಾಕಿ, ಬಾಟ್ಲಿ ಇಸ್ಕಂಡು ನನ್ನನ್ನ ಊಟಕ್ಕೆ ಕಳಿಸಿದ್ಲು," ಎಂದು ಹೇಳುತ್ತಿದ್ದರು. ಅವರು ಹೊಸದಾಗಿ ತಲೆ ಬೋಳಿಸಿಕೊಂಡಿದ್ದರು. ಇಳಿಸು ಎಂದು ಹೇಳಿದಿರಾ ಎಂದು ನಾನು ಕೇಳಲಿಲ್ಲ. ನೀವು ಎಂದಾದರೂ ಅಲ್ಲಿ ನಿಲ್ಲಬೇಕಾಗಿ ಬಂದರೆ, ನಾನು ಆಡಲಾರದ ಮಾತನ್ನು ನೀವಾದರೂ ಆಡಿರಿ. ಆದರೆ ಅದಕ್ಕೆ ಮೊದಲು ನಿಮ್ಮವರ ಪಾದವನ್ನು ಮುಟ್ಟಿ ನೋಡಬೇಕಾಗುತ್ತದೆ.