ಕುದುರೆ ಚಿತ್ರದ ಹಲಗೆ

ಇದು ನಗರಗೆರೆ ರಸ್ತೆಯ ಮೋಹನ್‌ಬಾಬುಗೆ ಆದದ್ದು. ಹೋದ ವರ್ಷ, ಯುಗಾದಿ ಕಳೆದ ಮೇಲೆ. ಕುಡುಮಲಕುಂಟೆಯ ಒಂದು ಫ್ಯಾಕ್ಟರೀಲಿ ಅವನು ಮೆಷಿನ್ ಆಪರೇಟರ್. ಸೆಕೆಂಡ್ ಶಿಫ್ಟ್ ಮುಗಿಸಿ ಕಂಪನಿ ಬಸ್ ಇಳಿದ್ರೆ ಮನೆಗೆ ಹತ್ತು ನಿಮಿಷದ ನಡಿಗೆ. ನಡುವೆ ಒಂದು ಹಾಳು ಬಾವಿ.

ಆವತ್ತು ಬಾವಿ ದಾಟ್ತಾ ಇದ್ದ... ಹಿಂದೆ ಚಪ್ಪಾಳೆ.

ಟಪ್... ಟಪ್.

ಎರಡೇ. ಹಕ್ಕಿ ರೆಕ್ಕೆ ಬಡಿದದ್ದಲ್ಲ. ಅಂಗೈಗೆ ಅಂಗೈ ತಾಕಿದ ಸದ್ದು. ಚಿಕ್ಕ ಕೈ. ತಿರುಗಿ ನೋಡಿದ. ಯಾರೂ ಇಲ್ಲ. ಹೆಜ್ಜೆ ಎತ್ತಿಟ್ಟ... ಮತ್ತೆ ಎರಡು.

ಬೇರೆಯವರಾಗಿದ್ರೆ ಯಾರದೋ ಕೀಟಲೆ ಅಂದ್ಕೋತಿದ್ರು. ಮೋಹನ್‌ಬಾಬುಗೆ ಆ ಚಪ್ಪಾಳೆ ಎಲ್ಲೀದು ಅಂತ ಗೊತ್ತಿತ್ತು. ಹೆದರಿಕೆಗಿಂತ ಮೊದಲು ನಾಚಿಕೆಗೆ ಮುಖ ಬಿಸಿಯಾಯ್ತು.

ಅದಕ್ಕೆ ಆರು ತಿಂಗಳ ಹಿಂದೆ ಕಂಪನಿ ಅವನನ್ನ ಟ್ರೇನಿಂಗಿಗೆ ಜಪಾನಿಗೆ ಕಳಿಸಿತ್ತು. ಅಲ್ಲಿ ಕೆಲಸ ಕಲಿಸ್ತಿದ್ದವರು ಒಕಾಡಾ ಅಂತ, ವಯಸ್ಸಾದವರು. ಒಂದು ಭಾನುವಾರ ಬೆಟ್ಟದ ಮೇಲಿನ ಶಿಂಟೋ ಗುಡಿಗೆ, ಅಲ್ಲಿನವರ ಹಳೇ ದೇವರ ಗುಡಿಗೆ, ಕರ್ಕೊಂಡು ಹೋದ್ರು. ಎಂಟುನೂರು ವರ್ಷದ್ದಂತೆ. ಕೆಂಪು ಕಮಾನಿನ ಮುಂದೆ ತಲೆ ಬಾಗಬೇಕು. ದಾರಿಯ ನಟ್ಟನಡುವೆ ನಡೀಬಾರ್ದು, ಅದು ದೇವರು ಓಡಾಡೋ ಜಾಗ. ಕಲ್ಲುತೊಟ್ಟಿ ನೀರನ್ನ ಬಿದಿರಿನ ಸೌಟಲ್ಲಿ ಎತ್ತಿ ಮೊದಲು ಎಡಗೈ, ಆಮೇಲೆ ಬಲಗೈ, ಆಮೇಲೆ ಬಾಯಿ. ದೇವರ ಮುಂದೆ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಇನ್ನೊಂದು ಸಲ ಬಾಗಬೇಕು. ಅರ್ಧಂಬರ್ಧ ಇಂಗ್ಲಿಷಲ್ಲೇ ಎಲ್ಲಾನೂ ಮಗುವಿಗೆ ಹೇಳ್ಕೊಟ್ಟ ಹಾಗೆ ಹೇಳ್ಕೊಟ್ರು.

ಪಕ್ಕದಲ್ಲಿ, ಜನ ತಮ್ಮ ಕೋರಿಕೆ ಬರೆದು ನೇತುಹಾಕಿದ ಪುಟ್ಟ ಮರದ ಹಲಗೆಗಳು. ಗಾಳಿಗೆ ಕಟಕಟ ಅಂತಿದ್ವು. ಒಂದರ ಮೇಲೆ ಕುದುರೆ ಚಿತ್ರ ಚೆನ್ನಾಗಿತ್ತು. ಒಕಾಡಾ ಅತ್ತ ತಿರುಗಿದಾಗ ಮೋಹನ್‌ಬಾಬು ಅದನ್ನ ಬಿಚ್ಚಿ ಜೇಬಿಗಿಳಿಸಿದ. ಅಂಗಡೀಲಿ ಹೊಸದು ಸಿಗ್ತಿತ್ತು... ಆದ್ರೂ.

ಮೆಟ್ಟಿಲಿಳಿಯೋವಾಗ ಗುಡಿಯವನೊಬ್ಬ ಬಂದು ಒಕಾಡಾ ಹತ್ರ ಏನೋ ಕೇಳಿದ. ಒಂದು ಹಲಗೆ ಕಾಣ್ತಿಲ್ಲ, ನೀನು ನೋಡಿದ್ಯಾ ಅಂತ ಅವರು ಇವನನ್ನ ಕೇಳಿದ್ರು. ಇಲ್ಲ ಅಂದ. ಒಕಾಡಾ ನಂಬಿದ್ರು. ನಂಬಿ, ಹಾಗೆ ಕೇಳಿದ್ದಕ್ಕೆ ಅವನ ಮುಂದೆ ಸೊಂಟ ಬಗ್ಗಿಸಿ ತಲೆ ಬಾಗಿದ್ರು.

ಬಾವಿ ಹತ್ರ ಚಪ್ಪಾಳೆ ಮೂರು ರಾತ್ರಿ ಕೇಳಿಸ್ತು. ನಾಲ್ಕನೇ ರಾತ್ರಿ ಮನೆಯೊಳಗೇ... ಟೀವಿ ಪಕ್ಕ, ಹಲಗೆ ಇಟ್ಟಿದ್ದ ಕಡೆ. ಹೆಂಡತಿ ಶ್ರೀವಲ್ಲಿಗೂ ಕೇಳಿಸ್ತು. ಎದ್ದು ಕೂತಳು. ಅವನು ಆ ಗುಡೀಲಿ ಮಾಡಿದ್ದನ್ನ ಹೇಳಿದ. ಅವಳು ಪಿಸುಗುಟ್ಟಿದಳು.

"ರೀ... ಅದ್ರ ಮೇಲೆ ಏನ್ ಬರ್ದಿದೆ?"

"ಗೊತ್ತಿಲ್ಲ ಕಣೇ."

"ಇಷ್ಟು ದಿನದಿಂದ ಇಟ್ಕೊಂಡಿದೀರ... ನೋಡ್ಲೇ ಇಲ್ವಾ?"

ಮೊಬೈಲ್ ಕ್ಯಾಮೆರಾ ಹಿಡಿದಳು. ಅಕ್ಷರ ಇಂಗ್ಲಿಷಿಗೆ ತಿರುಗಿದ್ವು. ನಿಧಾನವಾಗಿ ಓದಿ ಹೇಳಿದಳು. ಅಮ್ಮ ಆಸ್ಪತ್ರೆಯಿಂದ ಬೇಗ ಮನೆಗೆ ಬರಲಿ. ಬರೆದ ಮಗುವಿನ ಹೆಸರು ಹಾರು ಅಂತೆ, ಏಳು ವರ್ಷ.

ಬೈಯಲಿಲ್ಲ. ಹೋಗಿ ತಮ್ಮ ಮಗು ಪಕ್ಕ, ಗೋಡೆಗೆ ಮುಖ ಮಾಡಿ ಮಲಗಿದಳು. ಅವನು ಬೆಳಗಿನ ತನಕ ಕೂತೇ ಇದ್ದ.

ಆ ವಾರವೇ ಹೊಸ ಮೆಷಿನ್ ಕೂರಿಸೋಕೆ ಒಕಾಡಾ ಕುಡುಮಲಕುಂಟೆಗೆ ಬಂದ್ರು. ಕ್ಯಾಂಟೀನ್ ಹಿಂದೆ ಯಾರೂ ಇಲ್ಲದಾಗ ಮೋಹನ್‌ಬಾಬು ಹಲಗೇನ ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

"ಆವತ್ತು ನಿಮ್ಗೆ ಸುಳ್ಳು ಹೇಳ್ದೆ ಸರ್."

ಒಕಾಡಾ ಎರಡೂ ಕೈಯಲ್ಲೇ ತಗೊಂಡ್ರು. ಹಲಗೆ ಓದಿದ್ರು. ಕನ್ನಡಕ ತೆಗೆದು ಒರೆಸ್ಕೊಂಡ್ರು. ವಾಪಸ್ ಒಯ್ದು ಅಲ್ಲೇ ಕಟ್ತೀನಿ ಅಂದ್ರು. ಈ ಸಲ ಅವರು ತಲೆ ಬಾಗಲಿಲ್ಲ. ಆ ತಾಯಿ ಏನಾದಳು ಅಂತ ವಿಚಾರಿಸಿ ಅನ್ನೋ ಮಾತು ಇವನ ಬಾಯಿಗೆ ಬಂದು ಅಲ್ಲೇ ನಿಂತಿತು.

ಆಮೇಲೆ ಚಪ್ಪಾಳೆ ಕೇಳಿಸಲಿಲ್ಲ.

ಒಕಾಡಾ ತಮ್ಮ ಊರು ಸೇರಿ ಹಲಗೆ ಕಟ್ಟಿದ ಮಾರನೇ ಬೆಳಿಗ್ಗೆ ಮೋಹನ್‌ಬಾಬು ತಾಯಿ ಗೋದಮ್ಮ ಅಂಗಳಕ್ಕೆ ನೀರು ಹಾಕೋಕೆ ಬಾಗಿಲು ತೆಗೆದ್ರು. ರಾತ್ರಿ ಸಿಕ್ಕ ಸಿಕ್ಕ ಕಡೆ ಬಿಟ್ಟಿದ್ದ ಚಪ್ಪಲಿ, ಶೂ, ಮಗುವಿನ ಸ್ಯಾಂಡಲ್... ಎಲ್ಲಾ ಒಂದೇ ಸಾಲಲ್ಲಿ, ಜೋಡಿ ಜೋಡಿಯಾಗಿ, ತುದಿ ಬೀದಿ ಕಡೆಗೆ, ಜಪಾನಿನ ಮನೆಗಳಲ್ಲಿ ಬಾಗಿಲ ಹತ್ರ ಜೋಡಿಸಿಡ್ತಾರಲ್ಲ, ಹಾಗೇ. ಗೇಟಿನ ಬೀಗ ಹಾಕಿದ ಹಾಗೇ ಇತ್ತು. ಯಾರಮ್ಮ ಜೋಡಿಸಿದ್ದು ಅಂತ ಸೊಸೇನ ಕೇಳಿದ್ರು. ಮನೇಲಿ ಯಾರೂ ಅಲ್ಲ.

ಇದ್ರಲ್ಲಿ ಒಂದಕ್ಷರಾನೂ ಕಟ್ಟಿದ್ದಲ್ಲ. ಗೋದಮ್ಮ ಈಗ್ಲೂ ಅದೇ ಮನೇಲಿದಾರೆ, ಹೋಗಿ ಕೇಳಿ.