ಹಾಜರಾಬಿ ಆಪಾ ಕಡಿದ ಕಬರಾ ನಿಂಬೆ

ಎಲ್ಲರಿಗೂ ನಮಸ್ಕಾರ, ಸಲಾಂ. ಖಾದರಸಾಬ ಚಾಚಾ ಅವರೇ, ಉಮೈಮಾ, ಈ ಮನೆತನದ ಹಿರಿಯರೇ, ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರ ಕಡೆಯಿಂದ ಸವಣೂರಿನ ತನಕ ಬಂದಿರುವ ಸಸಿ ಬೆಳೆಗಾರ ಬಂಧುಗಳೇ, ಅಕ್ಕಂದಿರೇ — ಹಿಂದೆ ನಿಂತವರು ಮುಂದೆ ಬನ್ನಿ. ಇಲ್ಲಿ ಕುರ್ಚಿ ಖಾಲಿ ಇವೆ.

ನಾನು ಸಮತಾ. ಹಾಜರಾಬಿ ಆಪಾ ಅವರ ನರ್ಸರಿಯಲ್ಲಿ ಅವರ ಎದುರು ಕೂತು ಬಹಳ ವರ್ಷ ಕಸಿ ಕಟ್ಟಿದವಳು. ಅವರ ಬಗ್ಗೆ ನಾಲ್ಕು ಮಾತು ಆಡು ಅಂತ ಅವರ ಯಜಮಾನರು ಖಾದರಸಾಬ ಚಾಚಾ ಹೇಳಿದ್ದಾರೆ. ಇಂಥ ಸಭೆಗಳಲ್ಲಿ ಹೋದವರ ಬಗ್ಗೆ ಮಾತಾಡುವುದು ಪದ್ಧತಿ. ನಾನು ಮಾತ್ರ ಇನ್ನೂ ಹೋಗದೆ ನಮ್ಮ ನಡುವೆ ಉಳಿದಿರುವ ಒಂದು ವಿಷಯವನ್ನೂ ಹೇಳಬೇಕಾಗಿದೆ. ದಯವಿಟ್ಟು ತಾಳ್ಮೆಯಿಂದ ಕೇಳಿ.

ಕಬರಾ ನಿಂಬೆ ಅಂದರೆ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹೊಸಬರು ಇದ್ದಾರೆ, ಹೇಳುತ್ತೇನೆ. ಕಬರಾ ಅಂದರೆ ಎರಡು ಬಣ್ಣದ್ದು: ಎಲೆಯ ನಡುವೆ ಹಸಿರು, ಅಂಚಿಗೆ ಕೆನೆಯಂಥ ಬಿಳುಪು. ಎಳೆಗಾಯಿಯ ಮೇಲೂ ಉದ್ದುದ್ದ ಪಟ್ಟೆ. ಆ ಗಿಡ ಹುಟ್ಟಿದ್ದು ಆಪಾ ಅವರ ಮನೆಯ ಎಲೆಬಳ್ಳಿ ತೋಟದ ಬದುವಿನಲ್ಲಿ. ಮಾಮೂಲಿ ನಿಂಬೆ ಗಿಡ ಅದು. ಒಂದು ವರ್ಷ ಅದರ ಒಂದೇ ಒಂದು ಟೊಂಗೆ ಎರಡು ಬಣ್ಣದ ಎಲೆ ಬಿಟ್ಟಿತು. ಆಪಾ ಅವರ ಅತ್ತೆ ನೋಡಿ ಗಾಬರಿಯಾದರಂತೆ.

"ಗಿಡಕ್ಕ ತೊನ್ನು ಹತ್ತೇತಿ. ಕಡದು ಒಗೀರಿ. ಮನಿಗೆ ಚಲೋ ಅಲ್ಲ."

ಆಗ ಆಪಾ ಈ ಮನೆಗೆ ಬಂದ ಹೊಸ ಸೊಸೆ. ಅತ್ತೆಗೆ ಎದುರಾಡಲಿಲ್ಲ. ಆ ಟೊಂಗೆಯಿಂದ ಚಿಗುರೊಡೆಯುವ ಒಂದಷ್ಟು ಕಣ್ಣು ಕೊಯ್ದು, ಜಂಬೇರಿ ಅನ್ನುವ ಗಟ್ಟಿ ಕಾಡುನಿಂಬೆ ಸಸಿಗಳ ತೊಗಟೆ ಸೀಳಿ, ಒಳಗೆ ಕೂರಿಸಿ, ಪಟ್ಟಿ ಸುತ್ತಿ ಹಿತ್ತಲಲ್ಲಿ ಇಟ್ಟರು. ಆಮೇಲೆ ಟೊಂಗೆಯನ್ನು ತಾವೇ ಕಡಿದರು. ಹಿತ್ತಲಲ್ಲಿ ಚಿಗುರಿದ್ದನ್ನು ಅತ್ತೆ ನೋಡಿದಾಗ, ಅವುಗಳಲ್ಲಿ ಒಂದು ಸಸಿ ಮೊಣಕಾಲುದ್ದ ಆಗಿತ್ತಂತೆ. ಅದೇ ಮುಂದೆ ನಮ್ಮ ತಾಯಿಮರ ಆಯಿತು.

ಕಸಿ ಕಟ್ಟುವವರಿಗೆ ಗೊತ್ತು, ಇಂಥ ಗಿಡ ಬೆಳೆಸುವುದು ಸುಲಭ ಅಲ್ಲ. ಸುಮ್ಮನೆ ಬಿಟ್ಟರೆ ಒಂದು ಪೂರ್ತಿ ಹಸಿರು ಚಿಗುರು ಏಳುತ್ತದೆ. ಅದಕ್ಕೆ ಜೋರು ಹೆಚ್ಚು. ಬಣ್ಣದ ಚಿಗುರನ್ನೆಲ್ಲ ಅದು ಹಿಂದೆ ಹಾಕಿಬಿಡುತ್ತದೆ. ಅದನ್ನು ಕೀಳುತ್ತಲೇ ಇರಬೇಕು. ಇನ್ನು ಕೆಲವೊಮ್ಮೆ ಪೂರ್ತಿ ಬಿಳಿ ಚಿಗುರು ಬರುತ್ತದೆ. ಗಿರಾಕಿಗಳಿಗೆ ಅದೇ ಬೇಕು! "ಬೆಳ್ಳಗ ಹಾಲಿನಂಗ ಇರೋದ ಕೊಡ್ರಿ" ಅಂತ ಹಟ ಹಿಡಿಯುವರು. ಆಪಾ ಕೊಡುತ್ತಿರಲಿಲ್ಲ. "ಇದು ತಾನ ಅನ್ನ ಬೇಯಿಸ್ಕೊಳ್ಳಾಂಗಿಲ್ಲವ್ವಾ. ಹಸಿರ ಇದ್ರ ಅಷ್ಟ ಗಿಡದ ಒಲಿ ಹತ್ತೋದು. ಬ್ಯಾಸಿಗಿ ಬಂತಂದ್ರ ಸಾಯ್ತೇತಿ, ನೀವು ಬಂದು ನನ್ನ ಬೈತೀರಿ" ಅನ್ನುವರು. ನಕ್ಕೊಂಡೇ ಅನ್ನುವರು.

ಹೀಗೆ ಕಬರಾ ನಿಂಬೆ ಊರೂರು ಸೇರಿತು. ಶಿಗ್ಗಾಂವಿಯ ಅಂಗಡಿಗಳ ಮುಂದೆ, ಗೊಟಗೋಡಿಯ ಮನೆಗಳ ಅಂಗಳದಲ್ಲಿ, ಹಾನಗಲ್ಲಿನ ಮಾವಿನ ತೋಟಗಳ ಬಾಗಿಲಲ್ಲಿ. ಮದುವೆಗೆ ಉಡುಗೊರೆ ಕೊಟ್ಟರು. ಹಿರೇಕೆರೂರ ತಾಲೂಕಿನಲ್ಲಿ ಚನ್ನವೀರಪ್ಪನವರು ಹೊಲದ ಬದುವಿನುದ್ದಕ್ಕೂ ಸಾಲು ಹಚ್ಚಿದರು. ಅವರು ಇಲ್ಲೇ ಕೂತಿದ್ದಾರೆ — ನಮಸ್ಕಾರ ಚನ್ನವೀರಪ್ಪನವರೇ. ಅವರ ಮನೆಯಲ್ಲಿ ನಡೆದದ್ದನ್ನು ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

ಹೋದ ವರ್ಷ ಮಳೆಗಾಲದ ಕೊನೆಗೆ ನಾನು ಮತ್ತು ಆಪಾ ಚನ್ನವೀರಪ್ಪನವರ ಮನೆಗೆ ಹೋಗಿದ್ದೆವು. ಗಿಡ ನೋಡಿ ಹೋಗ್ರಿ ಅಂತ ಕರೆದಿದ್ದರು. ಅವರ ಸೊಸೆ ಪ್ರೀತಿಯಿಂದ ಅದೇ ಗಿಡದ ಹಣ್ಣು ಹಿಂಡಿ ಶರಬತ್ತು ಮಾಡಿ ತಂದಳು. ಆಪಾ ಒಂದು ಗುಟುಕು ಕುಡಿದರು. ಲೋಟ ಕೆಳಗಿಟ್ಟರು.

"ತಂಗೀ, ಇನ್ನೊಂದು ಹಣ್ಣು ತಾರವ್ವಾ. ಹೆಚ್ಚಬ್ಯಾಡ. ಹಂಗ ತಾ."

ಹಣ್ಣು ಒಂದು ಮಗ್ಗುಲಿಗೆ ಸೊಟ್ಟಗಿತ್ತು. ತೊಟ್ಟಿನ ಕಡೆ ಹಳದಿ, ಬುಡ ಇನ್ನೂ ಹಸಿರು. ಹೆಚ್ಚಿದರು. ಒಳಗೆ ಬೀಜ ಸೀದು ಹೋದಂತೆ ಕಪ್ಪಗೆ, ಸಪಾಟಾಗಿ ಅಂಟಿಕೊಂಡಿದ್ದವು. ಆಪಾ ಎದ್ದು ಗಿಡದ ಸಾಲಿಗೆ ಹೋದರು. ಎಲೆ ತಿರುಗಿಸಿ ತಿರುಗಿಸಿ ನೋಡಿದರು. ಕಬರಾ ನಿಂಬೆಯಲ್ಲಿ ಬಿಳುಪು, ಹಸಿರು ಕೂಡುವ ಗೆರೆ ಕತ್ತರಿಯಿಂದ ಕತ್ತರಿಸಿದಷ್ಟು ಚೊಕ್ಕ ಇರುತ್ತದೆ. ಅಲ್ಲಿ ಗೆರೆ ಇರಲಿಲ್ಲ. ಹಸಿರಿನೊಳಗೆ ಹಳದಿ ಮಸುಕು ಮಸುಕಾಗಿ, ಎಣ್ಣೆ ಚೆಲ್ಲಿದ ಹಾಗೆ ಹರಡಿತ್ತು. ಎಳೆ ಚಿಗುರಿನ ಮೇಲೆ ಸಾಸಿವೆಕಾಳಿನಂಥ ಕಂದು ಹುಳುಗಳು. ತಲೆ ತಗ್ಗಿಸಿ, ಹಿಂಭಾಗ ಮೇಲೆತ್ತಿ, ಸಾಲಾಗಿ ಕೂತಿದ್ದವು.

ಆಪಾ ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟರು. ಮುಂದಿನ ಬಸ್ಸಿಗೇ ಮರಳಿದೆವು. ಸವಣೂರಿನಲ್ಲಿ ಇಳಿದವರು ಮನೆಯೊಳಗೂ ಹೋಗದೆ ನೇರ ತಾಯಿಮರದ ಹತ್ತಿರ ಹೋದರು. ನಾನು ಹಿಂದೆಯೇ ಹೋದೆ. ಕೆಳಗಿನ ಟೊಂಗೆಗಳು ಚೆನ್ನಾಗಿದ್ದವು. ಮೇಲೆ, ಕೈಗೆ ಎಟುಕದ ಕಡೆ, ಒಂದು ಟೊಂಗೆಯನ್ನು ಕೊಕ್ಕೆಯಿಂದ ಎಳೆದು ಬಾಗಿಸಿದರು.

ಅದೇ ಮಸುಕು.

ಎಲೆ, ಕಡ್ಡಿ ಪರೀಕ್ಷೆಗೆ ಕಳಿಸಿದೆವು. ಆಪಾ ಹೆದರಿದ ರೋಗವೇ ಅಂತ ಬಂತು. ನಿಂಬೆ, ಮೋಸಂಬಿ, ಕಿತ್ತಳೆ — ಆ ಜಾತಿಗೆಲ್ಲ ಬರುವ ರೋಗ ಅದು. ಹುಳು ಹೊತ್ತು ತರುತ್ತದೆ, ಕಸಿ ಕಣ್ಣಿನಲ್ಲೂ ಹೋಗುತ್ತದೆ. ಗಿಡ ಉಳಿಸುವ ಮದ್ದು ಇಲ್ಲ. ಎಲ್ಲಕ್ಕಿಂತ ಕೆಟ್ಟದ್ದೇನು ಗೊತ್ತೇ? ಮಾಮೂಲಿ ಗಿಡ ಹಳದಿಯಾದರೆ ದಾರಿಹೋಕನೂ ಗುರುತಿಸುತ್ತಾನೆ. ಕಬರಾ ನಿಂಬೆ ಮೊದಲೇ ಎರಡು ಬಣ್ಣದ್ದು. ರೋಗ ಆ ಚೆಲುವಿನೊಳಗೇ ಕೂತಿತ್ತು. ಜನ ನೋಡಿ, ಈ ಸಲ ಬಣ್ಣ ಚಲೋ ಬಂದೇತಿ ಅಂದರು. ಟೊಂಗೆ ಮುರಿದು ಬೀಗರಿಗೆ ಕೊಟ್ಟರು.

ತಾಯಿಮರ ಯಾವಾಗ ರೋಗ ಹತ್ತಿಸಿಕೊಂಡಿತು? ಅದಕ್ಕೂ ಮೊದಲು ಒಯ್ದ ಕಣ್ಣು ಯಾವುವು, ಆಮೇಲೆ ಒಯ್ದವು ಯಾವುವು? ಯಾರಿಗೂ ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ.

ತಾಯಿಮರ ಕಡಿಯುವ ದಿನ ಚಾಚಾ ಮರದ ಬುಡದಲ್ಲಿ ನಿಂತಿದ್ದರು. ಚಾಚಾ, ಕ್ಷಮಿಸಿ, ಇದನ್ನು ಹೇಳಲೇಬೇಕು. "ಒಂದ ಟೊಂಗಿ ಇಟ್ಕೋ ಹಾಜರಾ. ಇದು ನೀ ಹುಟ್ಟಿಸಿದ್ದು" ಅಂದರು ಇವರು. ಆಪಾ ಕೊಡಲಿ ಕೆಳಗಿಡಲಿಲ್ಲ.

"ನಂದು ಒಂದು ಇಟ್ಕೊಂಡು, ಮಂದಿಗೆ ಕಡೀರಿ ಅಂತ ಯಾವ ಬಾಯಿಲೆ ಹೇಳಲಿರಿ?"

ಮೊದಲು ಔಷಧಿ ಹೊಡೆದರು — ಕಡಿಯುವಾಗ ಹುಳು ಹಾರಿ ಪಕ್ಕದ ತೋಟಕ್ಕೆ ಹೋಗಬಾರದಲ್ಲ. ಆಮೇಲೆ ಕಡಿದರು. ಬೇರು ಸಹಿತ ಎತ್ತಿ ಸುಟ್ಟರು. ಹಸಿ ನಿಂಬೆ ಸೊಪ್ಪು ಉರಿಯುವ ವಾಸನೆ ಇಡೀ ಓಣಿಗೆ ಬಡಿದಿತ್ತು. ಮಗಳು ಉಮೈಮಾ ಮೂಗು ಮುಚ್ಚಿಕೊಂಡು ಅಳುತ್ತಿದ್ದಳು. ಆಪಾ ಅಳಲಿಲ್ಲ. ನರ್ಸರಿಯ ಸಸಿಗಳನ್ನೂ ಅದೇ ಬೆಂಕಿಗೆ ಹಾಕಿದರು. ಮರುದಿನ ಬೆಳಿಗ್ಗೆ ಗರಗಸ, ಕೊಡಲಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟರು.

ಅಲ್ಲಿಂದ ಮುಂದಿನದು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಹಲವರ ಬಾಗಿಲಿಗೆ ಬಂದಿದ್ದೇವೆ. ಕೆಲವರು ಚಹಾ ಕೊಟ್ಟು, ಕಣ್ಣೊರೆಸಿಕೊಂಡು ಗಿಡ ತೋರಿಸಿದಿರಿ. ಕೆಲವರು ಗಿಡವೇ ಇಲ್ಲ ಅಂದಿರಿ. ಒಂದು ಮನೆಯಲ್ಲಿ — ಊರು ಬೇಡ — ನಾವು ಮುಂದಿನ ಬಾಗಿಲಲ್ಲಿ ನಿಂತಿದ್ದಾಗ ಹಿತ್ತಲಿನಿಂದ ಕುಂಡ ಎತ್ತಿಕೊಂಡು ಹೋಗುವ ಸಪ್ಪಳ ಕೇಳಿಸಿತು. ಆಪಾ ನನ್ನ ಮುಖ ನೋಡಿದರು. ಆ ಕುಂಡ ಯಾವ ಊರು ಸೇರಿತೋ.

ಚನ್ನವೀರಪ್ಪನವರೂ ಮೊದಲು ಒಪ್ಪಲಿಲ್ಲ. "ಹಚ್ಚ್ರಿ ಅಂದಾಕಿನೂ ನೀನ, ಕಡೀರಿ ಅನ್ನಾಕಿನೂ ನೀನ? ನಮ್ಮ ಗಿಡ ಕಾಯಿ ಬಿಡಾಕತ್ತೇತಿ. ಹೋಗವಾ ನಿನ್ನ ದಾರಿ ಹಿಡದು" ಅಂದರು. ಆಪಾ ಬಿಡಲಿಲ್ಲ. ಮತ್ತೆ ಹೋದರು. ಮತ್ತೆ ಬೈಸಿಕೊಂಡು ಬಂದರು. ಚಳಿಗಾಲ ಕಳೆಯಿತು, ಬೇಸಿಗೆ ಬಂತು. ಅಷ್ಟರಲ್ಲಿ ಅವರ ಪಕ್ಕದ ಹೊಲದ ಅಜ್ಜಪ್ಪ — ಪಾಪ, ಅವರದು ಕಬರಾ ನಿಂಬೆ ಅಲ್ಲವೇ ಅಲ್ಲ, ಮಾಮೂಲಿ ನಿಂಬೆ ತೋಟ — ಆ ತೋಟದ ಅಂಚಿನ ಗಿಡಗಳು ಮಸುಕಾಗತೊಡಗಿದವು. ಚನ್ನವೀರಪ್ಪನವರು ಹೋಗಿ ನೋಡಿದರು. ಆ ಸಂಜೆ ಅವರೇ ಫೋನ್ ಮಾಡಿದರು. "ಬಾ ತಂಗೀ. ಜಲ್ದಿ ಬಾ."

ಹೋದೆವು. ಕಡಿದ ಟೊಂಗೆ ಎಳೆಯುವಾಗ ಆಪಾ ಅವರ ಹೆಬ್ಬೆರಳಿನ ಬುಡಕ್ಕೆ ಮುಳ್ಳು ನೆಟ್ಟಿತು. ನಿಂಬೆ ಗಿಡದವರಿಗೆ ಮುಳ್ಳು ಏನು ಹೊಸದೇ? ಕಿತ್ತು ಒಗೆದರು. ತುದಿ ಒಳಗೇ ಮುರಿದಿತ್ತು. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ಮರುದಿನ ಅಂಗೈ ಊದಿತು. ಆಮೇಲೆ ಮೊಣಕೈ ತನಕ ಕೆಂಪೇರಿತು. ನಾನು ಬೇಡಿಕೊಂಡೆ.

"ಆಪಾ, ದವಾಖಾನಿಗೆ ಹೋಗೂಣ. ಗಿಡ ಎಲ್ಲಿ ಓಡಿ ಹೋಗ್ತಾವ?"

"ಗಿಡ ಓಡಂಗಿಲ್ಲವಾ. ಹುಳ ಹಾರ್ತಾವ. ಮಳಿ ಬಿದ್ದ ಕೂಡ್ಲೆ ಹೊಸಾ ಚಿಗುರು ಬರ್ತೇತಿ, ಆ ಚಿಗುರಿನ್ಯಾಗ ಅವು ತತ್ತಿ ಇಡ್ತಾವ. ಮಳಿಕಿಂತ ಮೊದಲ ಈ ಸಾಲು ಮುಗೀಬೇಕು."

ಎಡಗೈಯಲ್ಲಿ ಗರಗಸ ಹಿಡಿದರು. ಸಾಲು ಮುಗಿಸಿದರು. ಕೊನೆಯ ಬುಡ ಬೆಂಕಿಗೆ ಹಾಕಿದ ಮೇಲೆ ಅಲ್ಲೇ ಚಳಿಜ್ವರಕ್ಕೆ ನಡುಗುತ್ತ ಮಲಗಿದರು. ಚನ್ನವೀರಪ್ಪನವರೇ ಗಾಡಿ ತಂದು, ತಾವೇ ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದರು. ನಂಜು ರಕ್ತಕ್ಕೆ ಸೇರಿತ್ತು. ವೈದ್ಯರು ತಮ್ಮ ಕೈಲಾದದ್ದೆಲ್ಲ ಮಾಡಿದರು.

ಆಸ್ಪತ್ರೆಯಲ್ಲಿ ಆಪಾ ಎಚ್ಚರವಾದಾಗಲೆಲ್ಲ ಒಂದೇ ಮಾತು ಕೇಳುತ್ತಿದ್ದರು. "ಮಳಿ ಬಂತೇನ?"

"ಇಲ್ಲ ಅಮ್ಮಿ, ಇನ್ನೂ ಬಂದಿಲ್ಲ" ಅನ್ನುತ್ತಿದ್ದಳು ಉಮೈಮಾ. ಕೊನೆಯ ದಿನ ಹಾಗೆ ಹೇಳುತ್ತಲೇ ಎದ್ದು ಕಿಟಕಿ ಮುಚ್ಚಿದಳು. ಹೊರಗೆ ಧೋ ಅಂತ ಸುರಿಯುತ್ತಿತ್ತು. ಆಪಾ ಕಣ್ಣು ತೆರೆದು ಅವಳನ್ನು ನೋಡಿದರು, ಮತ್ತೆ ಕೇಳಲಿಲ್ಲ. ಆ ಸಂಜೆಯೇ ಹೋದರು.

ಬಂಧುಗಳೇ, ಹಾಜರಾಬಿ ಆಪಾ ಒಂದು ಗಿಡ ಹುಟ್ಟಿಸಿದರು, ಅದಕ್ಕೆ ನೀವೆಲ್ಲ ಅವರನ್ನು ಹೊಗಳಿದಿರಿ. ಅದೇ ಗಿಡವನ್ನು ಕಡಿಯಲು ಹೊರಟಾಗ ಅವರ ಜೊತೆ ನಡೆದವರು ಕಡಿಮೆ. ಬೈಯಲು ನಾನು ಇಲ್ಲಿ ನಿಂತಿಲ್ಲ. ಆದರೆ ಮಳೆ ಬಿದ್ದು ಎರಡನೇ ವಾರ ಇದು. ಚಿಗುರು ಒಡೆಯುತ್ತಿದೆ. ಎಷ್ಟು ಗಿಡ ಇನ್ನೂ ನಿಂತಿವೆ ಅನ್ನುವುದು ನಮಗೆ ತಿಳಿಯದು. ಮೊನ್ನೆ ಶಿಗ್ಗಾಂವಿಯ ಹತ್ತಿರ ಹೈವೇ ಬದಿಯಲ್ಲಿ ಯಾರೋ ಗುರುತಿಲ್ಲದವರು ಟೆಂಪೋದಲ್ಲಿ ಕಬರಾ ನಿಂಬೆ ಸಸಿ ಇಟ್ಟು ಮಾರುತ್ತಿದ್ದರು. ಉಮೈಮಾ ಬಸ್ಸಿಳಿದು ಓಡುವಷ್ಟರಲ್ಲಿ ಟೆಂಪೋ ಹೊರಟುಹೋಗಿತ್ತು. ಆ ಸಸಿಗಳ ಕಣ್ಣು ಯಾವ ಗಿಡದ್ದು? ಅವು ಈಗ ಯಾರ ನಿಂಬೆ ತೋಟದ ಪಕ್ಕ ಇವೆ?

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಇವತ್ತು ಬೆಳಿಗ್ಗೆ ಈ ಸಭಾಂಗಣದ ಬಾಗಿಲು ತೆಗೆದಾಗ ಆಪಾ ಅವರ ಫೋಟೋದ ಪಕ್ಕ ಒಂದು ಕುಂಡ ಇತ್ತು. ಮಲ್ಲಿಗೆ ಮಾಲೆ ಸುತ್ತಿದ್ದರು. ತಂದವರು ಪ್ರೀತಿಯಿಂದಲೇ ತಂದಿದ್ದಾರೆ, ಅದರಲ್ಲಿ ನನಗೆ ಅನುಮಾನ ಇಲ್ಲ. ನಾನು ಹೂವು ಹಾಕಲು ಬಗ್ಗಿದಾಗ ಎಲೆ ನೋಡಿದೆ — ಕಬರಾ ನಿಂಬೆ. ಚಿಗುರನ್ನೂ ನೋಡಿದೆ. ಅದರ ಮೇಲೆ ಅವು ಕೂತಿದ್ದವು, ಹಿಂಭಾಗ ಮೇಲೆತ್ತಿ. ಉಮೈಮಾ ಕೂಡಲೇ ಕುಂಡಕ್ಕೆ ಪ್ಲಾಸ್ಟಿಕ್ ಚೀಲ ಹೊದಿಸಿ ಬಾಯಿ ಬಿಗಿದಳು. ಆದರೆ ಅದಕ್ಕೂ ಮೊದಲು ಎಷ್ಟು ಹಾರಿದವೋ. ಈ ಕಿಟಕಿಗಳೆಲ್ಲ ತೆರೆದಿದ್ದವು.

ಕುಂಡ ತಂದವರು ಯಾರು ಅಂತ ಮೈಕಿನಲ್ಲಿ ಕೇಳುವುದಿಲ್ಲ. ಯಾರ ಮಾನ ಕಳೆಯುವುದೂ ಆಪಾ ಅವರಿಗೆ ಸೇರುತ್ತಿರಲಿಲ್ಲ. ಸಭೆ ಮುಗಿದ ಮೇಲೆ ಉಮೈಮಾ ಬಾಗಿಲ ಹತ್ತಿರ ನಿಂತಿರುತ್ತಾಳೆ. ಅವಳ ಹತ್ತಿರ ಹೋಗಿ ನಿಮ್ಮ ಊರು, ಓಣಿ ಹೇಳಿ. ನಾವು ನಾಳೆಯೇ ಬರುತ್ತೇವೆ. ತಾಯಿ ಬಂದ ಹಾಗೆ ಅವಳೂ ಬರುತ್ತಾಳೆ, ಮುಳ್ಳು ನೆಡದಂಥ ದಪ್ಪ ಕೈಗವಸು ಹಾಕಿಕೊಂಡೇ ಬರುತ್ತಾಳೆ — ಹಾಗಂತ ನನಗೆ ಮಾತು ಕೊಟ್ಟಿದ್ದಾಳೆ. ಅವಳನ್ನು ಬಾಗಿಲಲ್ಲಿ ನಿಲ್ಲಿಸಿ ವಾಪಸ್ಸು ಕಳಿಸಬೇಡಿ.

ಈಗ ಎಲ್ಲರೂ ಎದ್ದು ನಿಲ್ಲಬೇಕು. ವಯಸ್ಸಾದವರು ಕೂತೇ ಇರಿ, ತೊಂದರೆ ಇಲ್ಲ. ಹಾಜರಾಬಿ ಆಪಾ ಅವರ ಆತ್ಮಕ್ಕೆ ನೆಮ್ಮದಿ ಸಿಗಲಿ ಅಂತ ನಿಮ್ಮ ನಿಮ್ಮ ರೀತಿಯಲ್ಲಿ ಬೇಡಿಕೊಳ್ಳಿ. ಬೇಡಿಕೊಂಡು, ಉಳಿದ ಹೊತ್ತು ನಿಮ್ಮ ಅಂಗಳದಲ್ಲಿ, ನಿಮ್ಮ ಬೀಗರ ಅಂಗಳದಲ್ಲಿ ಏನು ಚಿಗುರುತ್ತಿದೆ ಅಂತ ಯೋಚಿಸಿ.

ಒಂದು ನಿಮಿಷ. ಯಾರೂ ಮಾತಾಡಬೇಡಿ.